ಹ್ಯಾಂಕಾಕರ ಇಟ್ಟಿಗೆಯ ಮನೆ

ಕಳೆದ ವರ್ಷದ ಮಾತು. ನಮ್ಮ ಇತಿಹಾಸದ ಅಧ್ಯಾಪಕರು ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮವನ್ನು ಕುರಿತು ಪಾಠ ಹೇಳುತ್ತಿದ್ದಾಗ, ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಸಂಗತಿಯನ್ನು ಪ್ರಾಸಂಗಿಕವಾಗಿ ಹೇಳಿದರು. ಸೇಲಂ ಜಿಲ್ಲೆಯ ಒಂದು ಇಟ್ಟಿಗೆಯ ಮನೆಯಲ್ಲಿ 1778ನೆಯ ಇಸವಿಯ ಮಾರ್ಚ್ ತಿಂಗಳ ಒಂದು ಬೆಳಗಿನ ಜಾವ, ನಿದ್ರಿಸುತ್ತಿದ್ದ ಜನರನ್ನು ಬಯೋನೆಟ್ಟಿನಿಂದ ತಿವಿದು ಕೊಂದರೆಂಬುದು ಆ ಸಂಗತಿ. ಸೇಲಂ ಎಂದೊಡನೆ ಹಿಂದಿನ ಬೆಂಚಿನ ಮಿತ್ರರೊಬ್ಬರು, “ತಮಿಳುನಾಡಿನದೇ, ಸಾರ್?” ಎಂದು ಕೇಳಿದರು. ತರಗತಿಯೆಲ್ಲ ನಕ್ಕಿತು. ಅಧ್ಯಾಪಕರೂ ನಕ್ಕು, ಇದು ಅಮೆರಿಕದ ನ್ಯೂ ಜರ್ಸಿ ರಾಜ್ಯದ ಸೇಲಂ, ಬೈಬಲ್ಲಿನಿಂದ ತೆಗೆದುಕೊಂಡ ಹೆಸರು, ಅದಕ್ಕೆ ಶಾಂತಿ ಎಂದು ಅರ್ಥ ಎಂದರು. ಶಾಂತಿಯೆಂಬ ಹೆಸರಿನ ಊರಿನ ಬಳಿ ಇಂಥ ಕೊಲೆ ನಡೆದದ್ದು ಹೇಗೆಂಬ ಕುತೂಹಲದಿಂದ ನಾನು ಆ ಮನೆಯ ವಿಚಾರವನ್ನು ಹುಡುಕಲು ಹೊರಟೆ. ಹುಡುಕುತ್ತ ಹೋದಂತೆ ಕೊಲೆಯ ಕಥೆ ಹಿಂದೆ ಸರಿಯಿತು, ಗೋಡೆ ಮುಂದೆ ಬಂತು. ಆ ಗೋಡೆಯ ವಿಷಯವಾಗಿ ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ಇಟ್ಟಿಗೆಯ ಗೋಡೆಯ ಮೇಲೆ ಬಿ.ಎ. ವಿದ್ಯಾರ್ಥಿಗೆ ಏತಕ್ಕೆ ಇಷ್ಟು ಮೋಹ ಎಂದು ವಾಚಕರು ಕೇಳಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ತಂದೆ ಗಾರೆ ಕೆಲಸದವರು. ನಮ್ಮದು ಮಧುಗಿರಿ ಕಡೆಯ ಒಂದು ಹಳ್ಳಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ತಂದೆಯವರು ಕರಣೆಯನ್ನೂ ತೂಗುಗುಂಡನ್ನೂ ಚೀಲದಲ್ಲಿ ಹಾಕಿಕೊಂಡು ಬೆಂಗಳೂರಿಗೆ ಹೋದರು. ವರ್ಷದಲ್ಲಿ ಎಂಟು ತಿಂಗಳು ಅಲ್ಲೇ ಇರುತ್ತಿದ್ದರು. ಅವರು ಕಟ್ಟಿದ ಮನೆಗಳು ಎಷ್ಟೋ. ಆ ಮನೆಗಳಲ್ಲಿ ಒಂದರೊಳಗೂ ಗೃಹಪ್ರವೇಶವಾದ ಮೇಲೆ ಅವರು ಕಾಲಿಟ್ಟಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಪ್ರವೇಶದ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಕಡೆ ನಾನು ಮೊದಲ ವರ್ಷ ‘ಕೂಲಿ’ ಎಂದೂ ಎರಡನೆಯ ವರ್ಷ ‘ಬೇಸಾಯ’ ಎಂದೂ ಬರೆದಿದ್ದೆ. ಹಾಗೇಕೆ ಬರೆದೆನೆಂದು ಆಗ ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು.

ಇರಲಿ. ಈಗ ಮನೆಗೆ ಬರೋಣ.

ಅಮೆರಿಕದ ಪೂರ್ವ ತೀರದಲ್ಲಿ ಡೆಲವೇರ್ ಎಂಬ ದೊಡ್ಡ ನದಿ ಸಮುದ್ರವನ್ನು ಸೇರುತ್ತದೆ. ಅದರ ಪೂರ್ವ ದಡದ ತಗ್ಗು ಪ್ರದೇಶವೇ ಸೇಲಂ ಜಿಲ್ಲೆ. ಜೌಗು ನೆಲ; ಸಣ್ಣ ಸಣ್ಣ ಹೊಳೆಗಳು ಸುತ್ತಿ ಬಳಸಿ ಹರಿಯುತ್ತವೆ. ಇಲ್ಲಿ ಮೊದಲಿನಿಂದ ಇದ್ದವರು ಲೆನಾಪೆ ಎಂಬ ಮೂಲನಿವಾಸಿಗಳು. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಸ್ವೀಡನ್ನಿನವರೂ ಫಿನ್ಲೆಂಡಿನವರೂ ಬಂದು ಮರದ ಮನೆಗಳನ್ನು ಕಟ್ಟಿಕೊಂಡರು. 1675ರಲ್ಲಿ ಜಾನ್ ಫೆನ್ವಿಕ್ ಎಂಬಾತ ‘ಗ್ರಿಫಿನ್’ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ಕ್ವೇಕರ್ ಪಂಥದವರನ್ನು ಕರೆತಂದು ಸೇಲಂ ಊರನ್ನು ಸ್ಥಾಪಿಸಿದ. ಈತ ಹಿಂದೆ ಕ್ರಾಮ್‌ವೆಲ್ಲನ ಸೈನ್ಯದಲ್ಲಿದ್ದು ಅನಂತರ ಶಾಂತಿಪಂಥಕ್ಕೆ ಸೇರಿದವನು. ಲೆನಾಪೆಯವರಿಂದ ಒಪ್ಪಂದ ಮಾಡಿಕೊಂಡು ನೆಲವನ್ನು ಪಡೆದನೆಂದು ಇತಿಹಾಸ ಹೇಳುತ್ತದೆ. ಆ ಒಪ್ಪಂದವನ್ನು ಎರಡು ಕಡೆಯವರೂ ಒಂದೇ ರೀತಿ ಅರ್ಥಮಾಡಿಕೊಂಡಿದ್ದರೆಂದು ನಾನಂತೂ ನಂಬಲಾರೆ.

ಕ್ವೇಕರರನ್ನು ಕುರಿತು ಒಂದೆರಡು ಮಾತು ಅವಶ್ಯ. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಜಾರ್ಜ್ ಫಾಕ್ಸ್ ಎಂಬಾತನ ಉಪದೇಶದಿಂದ ಹುಟ್ಟಿದ ಪಂಥ ಇದು. ಪುರೋಹಿತರಿಲ್ಲ, ಪೂಜಾಡಂಬರವಿಲ್ಲ, ಸಭೆಯಲ್ಲಿ ಎಲ್ಲರೂ ಮೌನವಾಗಿ ಕೂತಿರುತ್ತಾರೆ, ಅಂತಃಪ್ರೇರಣೆಯಾದವರು ಎದ್ದು ಮಾತನಾಡುತ್ತಾರೆ. ದೊಡ್ಡವರಿಗೆಂದು ಟೋಪಿ ತೆಗೆಯುವುದಿಲ್ಲ. ನಮ್ಮಲ್ಲಿ ವಚನಕಾರರು ದೇವರನ್ನು ಏಕವಚನದಲ್ಲಿ ಕರೆದರೆ ಇವರು ದೊರೆಯನ್ನೂ ಏಕವಚನದಲ್ಲಿ ಕರೆದರು. ದೇವರು ಸಹಿಸಿಕೊಂಡ, ದೊರೆಗಳು ಸಹಿಸಲಿಲ್ಲ. ಸಾವಿರಾರು ಜನ ಸೆರೆಮನೆಯನ್ನು ಕಂಡರು. ಆಯುಧ ಹಿಡಿಯಬಾರದು, ಸರಳವಾಗಿ ಬಾಳಬೇಕು ಎಂಬ ಎರಡು ನಿಯಮಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಎರಡಕ್ಕೂ ಈ ಮನೆಯಲ್ಲಿ ಪರೀಕ್ಷೆ ಒದಗಿತು.

ಫೆನ್ವಿಕ್ ಬಂದ ಎರಡು ವರ್ಷಕ್ಕೆ, ಅಂದರೆ 1677ರಲ್ಲಿ, ವಿಲಿಯಂ ಹ್ಯಾಂಕಾಕ್ ಎಂಬಾತ ಬಂದು ಅಲೋವೇ ಹೊಳೆಯ ದಡದಲ್ಲಿ 500 ಎಕರೆ ಭೂಮಿಯನ್ನು ಕೊಂಡ. ಅದು ಮುಂದೆ ಅವನ ಸಂಬಂಧಿಕ ಜಾನನ ಕೈಗೆ ಬಂತು. ಜಾನ್ 1708ರಲ್ಲಿ ಹೊಳೆಗೆ ಸೇತುವೆ ಕಟ್ಟಿಸಿದ್ದರಿಂದ ಊರಿಗೆ ‘ಹ್ಯಾಂಕಾಕನ ಸೇತುವೆ’ ಎಂದೇ ಹೆಸರು ನಿಂತಿತು. ಅವನ ಮಗ ಇನ್ನೊಬ್ಬ ವಿಲಿಯಂ. ನ್ಯಾಯಾಧಿಕಾರಿಯಾಗಿ, ವಸಾಹತಿನ ಶಾಸನಸಭೆಯ ಸದಸ್ಯನಾಗಿ ಹೆಸರು ಮಾಡಿದವನು. ಇವನೂ ಇವನ ಹೆಂಡತಿ ಸಾರಾಳೂ 1734ರಲ್ಲಿ ಕಟ್ಟಿಸಿದ ಎರಡಂತಸ್ತಿನ ಇಟ್ಟಿಗೆಯ ಮನೆಯೇ ನಮ್ಮ ಈ ಮನೆ.

ಮನೆಯ ಮುಖ್ಯ ಆಕರ್ಷಣೆ ಅದರ ಪಕ್ಕದ ಗೋಡೆ. ಕೆಂಪು ಇಟ್ಟಿಗೆಯ ನಡುವೆ ನೀಲಿಗಪ್ಪು ಬಣ್ಣದ, ಗಾಜಿನಂತೆ ಹೊಳೆಯುವ ಇಟ್ಟಿಗೆಗಳನ್ನು ಸೇರಿಸಿ, ಅಂಕುಡೊಂಕಾದ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಸಾಲುಸಾಲಾಗಿ ಎಬ್ಬಿಸಿದ್ದಾರೆ. ಹಾವುಗಳು ಒಟ್ಟೊಟ್ಟಿಗೆ ಗೋಡೆ ಹತ್ತುತ್ತಿರುವಂತೆ ಕಾಣುತ್ತದೆ. ಮೇಲೆ, ಮಾಡಿನ ಇಳಿಜಾರುಗಳ ನಡುವಣ ತ್ರಿಕೋನದಲ್ಲಿ, ಅದೇ ನೀಲಿ ಇಟ್ಟಿಗೆಗಳಿಂದ ಇಂಗ್ಲಿಷಿನ ಮೂರು ಅಕ್ಷರಗಳು: ವಿಲಿಯಮನಿಗೆ ಡಬ್ಲ್ಯು, ಸಾರಾಳಿಗೆ ಎಸ್, ಹ್ಯಾಂಕಾಕ್ ಮನೆತನಕ್ಕೆ ಎಚ್. ಜೊತೆಗೆ ಇಸವಿ, 1734. ಗಂಡನ ಅಕ್ಷರದೊಂದಿಗೆ ಹೆಂಡತಿಯ ಅಕ್ಷರವನ್ನೂ ಗೋಡೆಗೆ ಏರಿಸುವುದು ಆ ಸೀಮೆಯ ಪದ್ಧತಿ. ನಮ್ಮ ಬೀದಿಯ ಮನೆಗಳ ಹೆಸರುಫಲಕಗಳನ್ನು ಬಲ್ಲವರಿಗೆ ಇದು ಸ್ವಾರಸ್ಯವಾಗಿ ಕಾಣಬಹುದು.

ಇಂಥ ಮನೆ ಇದೊಂದೇ ಅಲ್ಲ. ಹತ್ತಿರದ ಎಲ್ಸಿನ್‌ಬರೋದಲ್ಲಿ ಏಬೆಲ್ ಮತ್ತು ಮೇರಿ ನಿಕಲ್ಸನ್ ದಂಪತಿಗಳ ಮನೆ ಇದೆ. 1722ರದು, ಹೆಚ್ಚು ಬದಲಾವಣೆಯಿಲ್ಲದೆ ಉಳಿದಿದೆ. 2000ದಲ್ಲಿ ಅದನ್ನು ಅಲ್ಲಿಯ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೆಂದು ಘೋಷಿಸಿದರು. ಚಿತ್ತಾರದ ಇಟ್ಟಿಗೆಯ ಮನೆಗಳು ಅಮೆರಿಕದಲ್ಲಿ ಬೇರೆಲ್ಲೂ ಇಷ್ಟೊಂದು ಒತ್ತಾಗಿ ಇಲ್ಲವೆಂದು ಸೇಲಂ ಜಿಲ್ಲೆಗೆ ಖ್ಯಾತಿ.

ಹಾಗಾದರೆ ಈ ಕೆಲಸ ಅಲ್ಲಿಗೆ ಬಂದದ್ದು ಹೇಗೆ? ಅದಕ್ಕೆ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗಬೇಕು. ಕಪ್ಪು ಇಟ್ಟಿಗೆಯನ್ನು ಕೆಂಪಿನ ನಡುವೆ ಹೆಣೆದು ಗೋಡೆಯ ಮೇಲೆ ಚಿತ್ತಾರ ತೆಗೆಯುವ ಕಲೆ ಅಲ್ಲಿ ಹದಿನಾರನೆಯ ಶತಮಾನದಲ್ಲಿ ಬಹು ಮೇಲ್ಮಟ್ಟಕ್ಕೆ ಏರಿತ್ತು. ಹ್ಯಾಂಪ್ಟನ್ ಕೋರ್ಟ್ ಅರಮನೆಯ ಗೋಡೆಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. ದೊಡ್ಡವರ ಮನೆಗಳಲ್ಲಿ ಅದರ ಷೋಕಿ ಕಳೆದ ಮೇಲೂ ಹಳ್ಳಿಗಾಡಿನ ಮೇಸ್ತ್ರಿಗಳ ಕೈಯಲ್ಲಿ ಅದು ಉಳಿದುಕೊಂಡಿತು. 1666ರಲ್ಲಿ ಲಂಡನ್ ನಗರಕ್ಕೆ ಬೆಂಕಿ ಬಿದ್ದು ಸುಮಾರು 13,000 ಮನೆಗಳು ಸುಟ್ಟುಹೋದವು. ಇನ್ನು ಮೇಲೆ ಮನೆಗಳ ಹೊರಗೋಡೆ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕೆಂದು ಮರುವರ್ಷ ಕಾನೂನಾಯಿತು. ಹೀಗೆ ಇಟ್ಟಿಗೆಯ ಕೆಲಸಕ್ಕೆ ಎಂದಿಲ್ಲದ ಬೇಡಿಕೆ ಬಂತು. ಆ ತಲೆಮಾರಿನ ಜನವೇ ಮುಂದೆ ಡೆಲವೇರ್ ನದಿಯ ಕಡೆಗೆ ಹಡಗು ಹತ್ತಿದ್ದು. ಅವರಲ್ಲಿ ಭೂಮಿ ಕೊಳ್ಳಬಲ್ಲವರೂ ಇದ್ದರು, ಹಡಗಿನ ಬಾಡಿಗೆಗೂ ಗತಿಯಿಲ್ಲದವರೂ ಇದ್ದರು. ಗತಿಯಿಲ್ಲದವರು ಇಂತಿಷ್ಟು ವರ್ಷ ದುಡಿದು ತೀರಿಸುತ್ತೇವೆಂದು ಕರಾರು ಬರೆದುಕೊಟ್ಟು ಬರುತ್ತಿದ್ದರು; ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷ. ಕರಾರಿನ ಆಳುಗಳಲ್ಲಿ ಕಸುಬು ಬಲ್ಲವರಿಗೆ, ಅದರಲ್ಲೂ ಬಡಗಿ ಮತ್ತು ಇಟ್ಟಿಗೆ ಕೆಲಸದವರಿಗೆ, ಹೊಸ ನಾಡಿನಲ್ಲಿ ಒಳ್ಳೆಯ ಗಿರಾಕಿ. ಸೇಲಮ್ಮಿನ ಚಿತ್ತಾರದ ಗೋಡೆಗಳು ಹೀಗೆ ವಲಸೆ ಬಂದವರ ಮತ್ತು ಅವರ ಕೈಕೆಳಗೆ ಕೆಲಸ ಕಲಿತವರ ಸೃಷ್ಟಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಅಮೆರಿಕದ ಹಳೆಯ ಇಟ್ಟಿಗೆಯ ಮನೆಗಳನ್ನು ಕುರಿತು, “ಈ ಇಟ್ಟಿಗೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು” ಎಂದು ಜನ ಹೆಮ್ಮೆಯಿಂದ ಹೇಳುತ್ತಾರಂತೆ. ಇದು ಬಹುಮಟ್ಟಿಗೆ ಕಟ್ಟುಕಥೆ. ಒಂದು ಮನೆಗೆ ಬೇಕಾಗುವ ಸಾವಿರಾರು ಇಟ್ಟಿಗೆಯನ್ನು ಸಮುದ್ರ ದಾಟಿಸುವ ವೆಚ್ಚದಲ್ಲಿ ನಾಲ್ಕು ಮನೆ ಕಟ್ಟಬಹುದು. ಜೇಡಿಮಣ್ಣು ಮನೆಯ ಅಂಗಳದಲ್ಲೇ ಇತ್ತು, ಸೌದೆಗೆ ಕಾಡು ಪಕ್ಕದಲ್ಲೇ ಇತ್ತು. ಸಮುದ್ರ ದಾಟಿ ಬಂದದ್ದು ಇಟ್ಟಿಗೆಯಲ್ಲ, ಇಟ್ಟಿಗೆ ಮಾಡುವ ಕೈ. ಆದರೂ ವಸ್ತು ಬಂತೆಂದು ಹೇಳುವಷ್ಟು ಸಲೀಸಾಗಿ ಮನುಷ್ಯ ಬಂದನೆಂದು ಹೇಳುವುದಿಲ್ಲ. ಇದು ಎಲ್ಲ ದೇಶಗಳ ವಾಡಿಕೆಯೇ ಇರಬೇಕು.

ಅಲ್ಲಿಯ ಇಟ್ಟಿಗೆಯ ಕೆಲಸಕ್ಕೆ ಒಂದು ಕ್ರಮವಿತ್ತು. ಚಳಿಗಾಲಕ್ಕೆ ಮುಂಚೆ ಮಣ್ಣನ್ನು ಅಗೆದು ರಾಶಿ ಹಾಕುವರು. ಹಿಮ ಬಿದ್ದು ಕರಗಿ ಹೆಂಟೆಗಳು ತಾವಾಗಿ ಒಡೆಯುವವು. ವಸಂತದಲ್ಲಿ ನೀರು ಹಾಕಿ ತುಳಿದು ಹದಮಾಡಿ, ಮರದ ಅಚ್ಚಿನಲ್ಲಿ ಕುಯ್ದು, ನೆಲದಲ್ಲಿ ಹರವಿ ಒಣಗಿಸುವರು. ಒಣಗಿದ ಹಸಿ ಇಟ್ಟಿಗೆಯನ್ನೇ ಒಟ್ಟಿ, ಕೆಳಗೆ ಸುರಂಗಗಳನ್ನು ಬಿಟ್ಟು, ಅದರಲ್ಲಿ ಸೌದೆ ತುಂಬಿ ಹಗಲು ರಾತ್ರಿ ಉರಿ ಹಾಕುವರು. ಹಿಮವೊಂದನ್ನು ಬಿಟ್ಟರೆ ನಮ್ಮ ಕಡೆಯ ಇಟ್ಟಿಗೆ ಗೂಡಿಗೂ ಇದಕ್ಕೂ ಹೆಚ್ಚು ಭೇದವಿಲ್ಲ. ಗೋಡೆ ಕಟ್ಟುವ ಸುಣ್ಣಕ್ಕೆ ಆ ತೀರದಲ್ಲಿ ಸಿಂಪಿಯ ಚಿಪ್ಪನ್ನು ಸುಡುತ್ತಿದ್ದರು; ನಮ್ಮ ಕನ್ನಡ ಜಿಲ್ಲೆಗಳ ಕರಾವಳಿಯವರಿಗೆ ಚಿಪ್ಪಿನ ಸುಣ್ಣವೆಂದರೆ ವಿವರಿಸಬೇಕಾಗಿಲ್ಲ.

ಇನ್ನು ಆ ನೀಲಿ ಇಟ್ಟಿಗೆ. ಅದಕ್ಕೆ ಬಣ್ಣ ಹಚ್ಚಿದ್ದಾರೆಂದು ನಾನು ಮೊದಲು ಭಾವಿಸಿದ್ದೆ. ಮನೆಯ ಛಾಯಾಚಿತ್ರವೊಂದನ್ನು ಅಚ್ಚು ಹಾಕಿಸಿಕೊಂಡು ದಸರಾ ರಜೆಗೆ ಊರಿಗೆ ಹೋಗಿದ್ದೆ. ತಂದೆಯವರೂ ಬೆಂಗಳೂರಿನಿಂದ ಬಂದಿದ್ದರು. ಸಂಜೆ ಜಗಲಿಯ ಮೇಲೆ ಕೂತು ಚಿತ್ರವನ್ನು ಅವರ ಕೈಗೆ ಕೊಟ್ಟೆ. ಅವರಿಗೆ ಅಕ್ಷರ ಬಾರದು. ಚಿತ್ರವನ್ನು ದೂರ ಹಿಡಿದರು, ಹತ್ತಿರ ಹಿಡಿದರು, ದೀಪದ ಕೆಳಗೆ ಹಿಡಿದರು.

“ಬಣ್ಣ ಅಲ್ಲ ಮಗ ಇದು. ಒಲೆ ಬಾಯಿ ಇಟ್ಟಿಗೆ. ಉರಿ ಜಾಸ್ತಿ ತಾಗಿ ಕರಕಲಾಗಿರೋದು. ನಾವು ಇದನ್ನ ತಳಪಾಯಕ್ಕೆ ಎಸೀತೀವಿ.”

ಪುಸ್ತಕವನ್ನು ತೆರೆದು ನೋಡಿದರೆ ಅವರು ಹೇಳಿದ್ದೇ ಸರಿ. ಸೌದೆಯ ಉರಿಗೆ ತೀರ ಹತ್ತಿರವಿರುವ ಇಟ್ಟಿಗೆಯ ತಲೆ ಅತಿಯಾಗಿ ಕಾಯುತ್ತದೆ. ಮರದ ಬೂದಿಯಲ್ಲಿರುವ ಕ್ಷಾರ ಆವಿಯಾಗಿ ಮಣ್ಣಿನಲ್ಲಿರುವ ಮರಳಿನ ಅಂಶದೊಂದಿಗೆ ಬೆರೆತು ಮೇಲ್ಮೈಯಲ್ಲಿ ತೆಳುವಾದ ಗಾಜಿನ ಪೊರೆಯಾಗುತ್ತದೆ. ಅದಕ್ಕೇ ಆ ಹೊಳಪು. ಒಂದು ಗೂಡಿನಲ್ಲಿ ಇಂಥವು ಸಿಗುವುದು ಒಲೆಯ ಪಕ್ಕದ ಸಾಲುಗಳಲ್ಲಿ ಮಾತ್ರ. ಉಳಿದವರು ಕೆಟ್ಟುಹೋಯಿತೆಂದು ಎಸೆಯುವುದನ್ನು ಆ ಮೇಸ್ತ್ರಿಗಳು ಆರಿಸಿ, ಎಣಿಸಿ, ಬೇರೆ ಒಟ್ಟಿ, ಅದರಿಂದ ಗೋಡೆಗೆ ಒಡವೆ ಮಾಡಿದರು. ಸರಳತೆಯ ನಿಯಮವಿದ್ದ ಕ್ವೇಕರರು ಈ ಚಿತ್ತಾರಕ್ಕೆ ಒಪ್ಪಿದ್ದು ಹೇಗೆಂಬ ಪ್ರಶ್ನೆಗೆ ಇದೂ ಒಂದು ಉತ್ತರವೆಂದು ನನಗೆ ತೋರುತ್ತದೆ: ಚಿನ್ನವಲ್ಲ, ಬಣ್ಣವಲ್ಲ, ಕೆತ್ತನೆಯಲ್ಲ, ಬರಿಯ ಕರಕಲು ಇಟ್ಟಿಗೆ. ಆದರೆ ಇದನ್ನು ಪೂರ್ಣ ಉತ್ತರವೆನ್ನಲಾರೆ. ಹೆಸರಿನ ಅಕ್ಷರವನ್ನು ಮೈಲಿ ದೂರಕ್ಕೆ ಕಾಣುವಂತೆ ಗೋಡೆಯ ಮೇಲೆ ಏರಿಸುವುದರಲ್ಲಿ ಸರಳತೆಗಿಂತ ಜಂಬ ಹೆಚ್ಚಾಗಿದೆ. ಶ್ರೀಮಂತಿಕೆ ಬಂದ ಮೇಲೆ ಪಂಥದ ನಿಯಮಗಳು ಸಡಿಲವಾಗುವುದು ಎಲ್ಲ ಕಡೆಯೂ ಉಂಟು.

ತಂದೆಯವರು ಚಿತ್ರವನ್ನು ಕೆಳಗಿಡಲಿಲ್ಲ. ಇಟ್ಟಿಗೆಯನ್ನು ಜೋಡಿಸಿರುವ ಕ್ರಮದ ಕಡೆಗೆ ಬೆರಳು ತೋರಿಸಿದರು. ಅಲ್ಲಿಯ ಈ ಕಾಲದ ಗೋಡೆಗಳಲ್ಲಿ ಸಾಮಾನ್ಯವಾಗಿ ಕಾಣುವ ಜೋಡಣೆಗೆ ‘ಫ್ಲೆಮಿಷ್’ ಕಟ್ಟು ಎಂದು ಹೆಸರು. ಪ್ರತಿಯೊಂದು ವರಸೆಯಲ್ಲೂ ಒಂದು ಇಟ್ಟಿಗೆಯನ್ನು ಉದ್ದಕ್ಕೂ, ಮುಂದಿನದನ್ನು ತಲೆ ಮಾತ್ರ ಹೊರಕ್ಕೆ ಕಾಣುವಂತೆ ಅಡ್ಡಕ್ಕೂ ಇಡುತ್ತಾರೆ. ಮೇಲಿನ ವರಸೆಯ ಅಡ್ಡ ಇಟ್ಟಿಗೆ ಕೆಳಗಿನ ವರಸೆಯ ಉದ್ದ ಇಟ್ಟಿಗೆಯ ನಟ್ಟನಡುವೆ ಬರಬೇಕು. ಅಡ್ಡ ಇಟ್ಟಿಗೆ ಗೋಡೆಯ ಒಳಕ್ಕೆ ಹೋಗಿ ಒಳಪದರವನ್ನೂ ಹೊರಪದರವನ್ನೂ ಬಿಗಿಯುತ್ತದೆ. ಗಾಜುಗಟ್ಟುವುದು ಇಟ್ಟಿಗೆಯ ತಲೆ. ಗೋಡೆಯಲ್ಲಿ ಹೊರಗೆ ಕಾಣುವುದೂ ಅಡ್ಡ ಇಟ್ಟಿಗೆಯ ತಲೆ. ಆದುದರಿಂದ ಗೋಡೆಯನ್ನು ಬಿಗಿಯುವ ಇಟ್ಟಿಗೆಯೇ ಗೋಡೆಯನ್ನು ಸಿಂಗರಿಸುವ ಇಟ್ಟಿಗೆಯೂ ಆಯಿತು. ಎಲ್ಲ ತಲೆಗಳೂ ನೀಲಿಯಾದರೆ ಚದುರಂಗದ ಹಾಸಿನಂತೆ ಚೌಕುಳಿ ಬರುತ್ತದೆ. ಅಂಕುಡೊಂಕು ಗೆರೆ ಬೇಕಾದರೆ ಒಂದೊಂದು ವರಸೆಗೂ ನೀಲಿ ತಲೆಯನ್ನು ಲೆಕ್ಕವಿಟ್ಟು ಪಕ್ಕಕ್ಕೆ ಸರಿಸುತ್ತ ಹೋಗಿ, ಮತ್ತೆ ಲೆಕ್ಕವಿಟ್ಟು ಹಿಂದಕ್ಕೆ ತರಬೇಕು.

“ಕೆಳಗೆ ಒಂದು ಇಟ್ಟಿಗೆ ತಪ್ಪಿದ್ರೆ ಮೇಲೆ ತನಕ ತಪ್ಪುತ್ತೆ. ಇದನ್ನ ಕಟ್ಟೋನು ಮೊದಲ ದಿನವೇ ತುದಿ ನೋಡಿರ್ತಾನೆ,” ಎಂದರು.

ಆಮೇಲೆ ಮೇಲಿನ ಅಕ್ಷರಗಳನ್ನು ನೋಡಿ ಕೇಳಿದರು: “ಇದು ಕಟ್ಟಿದವನ ಹೆಸರಾ?”

ಅಲ್ಲ, ಯಜಮಾನನ ಮತ್ತು ಅವನ ಹೆಂಡತಿಯ ಹೆಸರಿನ ಅಕ್ಷರ ಎಂದೆ. ಅವರು ಆಶ್ಚರ್ಯಪಡಲಿಲ್ಲ. “ಕಟ್ಟಿದವನಿಗೆ ಓದೋಕೆ ಬರ್ತಿತ್ತೋ ಇಲ್ಲವೋ,” ಎಂದು ಮಾತ್ರ ಹೇಳಿದರು. ಅನಂತರ ನನಗೆ ಇದುವರೆಗೆ ತಿಳಿಯದಿದ್ದ ಒಂದು ಸಂಗತಿಯನ್ನು ಹೇಳಿದರು. ಬೆಂಗಳೂರಿನ ಮನೆಗಳ ಹಣೆಯ ಮೇಲೆ ಸಿಮೆಂಟಿನಲ್ಲಿ ‘ನಿಲಯ’, ‘ಕೃಪಾ’, ‘ಪ್ರಸಾದ’ ಎಂದು ಉಬ್ಬಿಸಿ ಬರೆದಿರುತ್ತಾರಲ್ಲ, ಆ ಕೆಲಸವನ್ನು ಅವರು ಎಷ್ಟೋ ಕಡೆ ಮಾಡಿದ್ದಾರೆ. ಮನೆಯವರು ಸೀಮೆಸುಣ್ಣದಲ್ಲಿ ಬರೆದುಕೊಡುತ್ತಾರೆ. ಇವರು ಗೆರೆಯ ಮೇಲೆ ಗೆರೆ ಹಿಡಿದು ಕರಣೆಯಲ್ಲಿ ಎಬ್ಬಿಸುತ್ತಾರೆ. ‘ಕೃ’ ಎಂಬುದು ಅವರಿಗೆ ಅಕ್ಷರವಲ್ಲ, ಸುರುಳಿ ಇಳಿಬಿದ್ದ ಒಂದು ಆಕಾರ. ಒಂದು ಮನೆಯಲ್ಲಿ ಸೀಮೆಸುಣ್ಣ ಮಳೆಗೆ ಅಳಿಸಿಹೋಗಿ ಒತ್ತಕ್ಷರವೊಂದು ಬಿಟ್ಟುಹೋಯಿತಂತೆ. ಆ ಮನೆಯ ಯಜಮಾನರು ಎರಡು ದಿನದ ಕೂಲಿಯನ್ನು ಹಿಡಿದರು. ಇದನ್ನು ತಂದೆಯವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಅದೇ ವರ್ಷ ನಾನು ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಮೊದಲ ಬಹುಮಾನ ಪಡೆದಿದ್ದೆ.

ಈಗ 1778ರ ಕಥೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಮನೆಯ ಖ್ಯಾತಿಯೆಲ್ಲ ಅದರಿಂದಲೇ ಬಂದದ್ದಾದ್ದರಿಂದ ಬಿಡುವಂತಿಲ್ಲ. ಮನೆ ಕಟ್ಟಿಸಿದ ವಿಲಿಯಂ 1762ರಲ್ಲಿ ತೀರಿಕೊಂಡ ಮೇಲೆ ಅದೇ ಹೆಸರಿನ ಅವನ ಮಗನಿಗೆ ಮನೆ ಬಂತು. ಈ ಮಗನೂ ಇಂಗ್ಲೆಂಡಿನ ದೊರೆಯ ಹೆಸರಿನಲ್ಲಿ ನ್ಯಾಯಾಧೀಶನಾಗಿದ್ದವನು. 1777-78ರ ಚಳಿಗಾಲದಲ್ಲಿ ಬ್ರಿಟಿಷ್ ಸೈನ್ಯ ಫಿಲಡೆಲ್ಫಿಯ ನಗರವನ್ನು ಹಿಡಿದು ಕೂತಿತ್ತು. ವಾಷಿಂಗ್ಟನ್ನನ ಸೈನ್ಯ ವ್ಯಾಲಿ ಫೋರ್ಜಿನಲ್ಲಿ ಹಸಿವು ಚಳಿಗಳಿಂದ ಸೊರಗುತ್ತಿತ್ತು. ಇಬ್ಬರಿಗೂ ಬೇಕಾಗಿದ್ದದ್ದು ಸೇಲಂ ಸೀಮೆಯ ದನ, ಹುಲ್ಲು, ಧಾನ್ಯ. ಮಾರ್ಚ್ ತಿಂಗಳಲ್ಲಿ ಕರ್ನಲ್ ಮಾಹುಡ್ ಎಂಬಾತ ಬ್ರಿಟಿಷ್ ದಂಡನ್ನು ತೆಗೆದುಕೊಂಡು ಅಲ್ಲಿಗೆ ಬಂದ. ಊರಿನ ರೈತರ ಪಡೆ ಅಲೋವೇ ಹೊಳೆಯ ಸೇತುವೆಗಳನ್ನು ಕಾಯುತ್ತಿತ್ತು. 18ನೆಯ ತಾರೀಖು ಕ್ವಿಂಟನ್ ಸೇತುವೆಯ ಬಳಿ ಒಂದು ಕಾಳಗವಾಯಿತು. 21ನೆಯ ತಾರೀಖು ಬೆಳಗಿನ ಜಾವ ಮೇಜರ್ ಜಾನ್ ಸಿಮ್ಕೋ ಎಂಬಾತ ಸುಮಾರು 300 ಜನರೊಂದಿಗೆ ದೋಣಿಗಳಲ್ಲಿ ಬಂದು, ಜೌಗಿನಲ್ಲಿ ನಡೆದು, ಹ್ಯಾಂಕಾಕರ ಮನೆಯನ್ನು ಸುತ್ತುವರಿದ. ಹಿಂದಿನ ದಿನವೇ ಪಡೆಯ ಹೆಚ್ಚು ಪಾಲು ಹೊರಟುಹೋಗಿ, ಇಪ್ಪತ್ತು ಮೂವತ್ತು ಜನ ಮಾತ್ರ ಒಳಗೆ ಮಲಗಿದ್ದರು. ಸದ್ದಾಗದಂತೆ ಬಯೋನೆಟ್ಟಿನಿಂದಲೇ ಕೆಲಸ ಮುಗಿಸಿದರು. ಸುಮಾರು ಹತ್ತು ಮಂದಿ ಸತ್ತರು. ಆಯುಧ ಹಿಡಿಯದ ಪಂಥಕ್ಕೆ ಸೇರಿದ ಮನೆಯ ಯಜಮಾನ ವಿಲಿಯಂ ಹ್ಯಾಂಕಾಕನೂ ಇರಿತಕ್ಕೆ ಬಲಿಯಾದ. ಆತ ದೊರೆಯ ಪಕ್ಷದವನೇ ಆಗಿದ್ದ! ಸಿಮ್ಕೋವೇ ಮುಂದೆ 1787ರಲ್ಲಿ ಅಚ್ಚು ಹಾಕಿಸಿದ ತನ್ನ ದಿನಚರಿಯಲ್ಲಿ ಇದನ್ನು ಒಪ್ಪಿಕೊಂಡು ವ್ಯಥೆಪಟ್ಟಿದ್ದಾನೆ.

ಇನ್ನೊಂದು ಮಾತು. ಸಿಮ್ಕೋವಿನ ಪಡೆಯವರಲ್ಲಿ ಹೆಚ್ಚಿನವರು ದೊರೆಯ ಪಕ್ಷವನ್ನು ಹಿಡಿದ ಅಮೆರಿಕನ್ನರೇ. ದಾರಿ ತೋರಿಸಿದವರು ಆ ಸೀಮೆಯವರೇ. ಸಿಮ್ಕೋ ಮುಂದೆ ಕೆನಡಾದಲ್ಲಿ ಒಂದು ಪ್ರಾಂತದ ಅಧಿಪತಿಯಾಗಿ 1793ರಲ್ಲಿ ಗುಲಾಮಗಿರಿಯನ್ನು ಮಿತಗೊಳಿಸುವ ಕಾನೂನನ್ನು ತಂದ. ಒಬ್ಬನೇ ಮನುಷ್ಯನ ಲೆಕ್ಕದಲ್ಲಿ ಎರಡನ್ನೂ ಬರೆಯಬೇಕಾಗುತ್ತದೆ. ಇತ್ತ ಆ ಯುದ್ಧದಲ್ಲಿ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸ್ ಹತ್ತೇ ವರ್ಷದಲ್ಲಿ ನಮ್ಮ ಬೆಂಗಳೂರು ಕೋಟೆಯ ಗೋಡೆಯ ಮುಂದೆ ಬಂದು ನಿಂತದ್ದನ್ನು ನಾವೆಲ್ಲ ಓದಿದ್ದೇವೆ.

ಮನೆಯನ್ನು 1931ರಲ್ಲಿ ನ್ಯೂ ಜರ್ಸಿ ಸರ್ಕಾರ 4,000 ಡಾಲರ್ ಕೊಟ್ಟು ಕೊಂಡು ಮರುವರ್ಷ ವಸ್ತುಸಂಗ್ರಹಾಲಯವಾಗಿ ತೆರೆಯಿತು. 1970ರಲ್ಲಿ ಅದು ಚಾರಿತ್ರಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಹಿತ್ತಲಿನಲ್ಲಿ ದೇವದಾರು ಹಲಗೆಯ ಒಂದು ಪುಟ್ಟ ಸ್ವೀಡಿಷ್ ಮನೆಯನ್ನೂ ತಂದು ನಿಲ್ಲಿಸಿದ್ದಾರೆ. ಸ್ವೀಡಿಷರ ಹಲಗೆ, ಇಂಗ್ಲಿಷರ ಇಟ್ಟಿಗೆ ಎರಡೂ ಒಂದೇ ಅಂಗಳದಲ್ಲಿ ಕಾಣಸಿಗುತ್ತವೆ. ಬಂದವರು ಬಂದ ನಾಡಿನಲ್ಲಿ ಬಿಟ್ಟು ಬಂದ ನಾಡನ್ನು ಹೇಗೆ ಕಟ್ಟಿಕೊಳ್ಳುತ್ತಾರೆಂದು ತಿಳಿಯಬೇಕಾದವರಿಗೆ ಆ ಅಂಗಳ ಒಳ್ಳೆಯ ಪಾಠವಾದೀತು.

ಕೊಲೆಯ ಕಥೆಯನ್ನೂ ತಂದೆಯವರಿಗೆ ಹೇಳಿದ್ದೆ. ಅವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೋಡೆಗೇನೂ ಆಗಲಿಲ್ವಾ?” ಎಂದರು. ಮನುಷ್ಯರು ಸತ್ತಿರುವಾಗ ಗೋಡೆಯ ಚಿಂತೆಯೇ ಎಂದು ನನಗೆ ಮೊದಲು ಅಸಮಾಧಾನವಾಯಿತು. ಆದರೆ ಸತ್ತವರ ಕಥೆಯನ್ನು ಹೇಳುವವರು ಎಷ್ಟೋ ಜನ ಇದ್ದಾರೆ. ಗೋಡೆ ಕಟ್ಟಿದವನ ಕಡೆಯಿಂದ ಕೇಳುವವರು ಬೇರೆ ಯಾರು?

ಬಿ.ಎ. ಕೊನೆಯ ಪರೀಕ್ಷೆಯ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಕಡೆ ನಾನು ಈ ಸಲ ‘ಗಾರೆ ಮೇಸ್ತ್ರಿ’ ಎಂದು ಬರೆದಿದ್ದೇನೆ. ಗುಮಾಸ್ತರು ಹಳೆಯ ಅರ್ಜಿಗಳನ್ನು ತೆಗೆದು, ಮೂರು ವರ್ಷಕ್ಕೆ ಮೂರು ಉದ್ಯೋಗವೇ ಎಂದು ಕೇಳಿದರು. ಮೊದಲಿನ ಎರಡೂ ನನ್ನ ತಪ್ಪು ಎಂದು ಹೇಳಿ ತಿದ್ದಿಸಿಕೊಂಡು ಬಂದೆ.

ಈ ಲೇಖನದೊಂದಿಗೆ ಕೊಟ್ಟಿರುವ ಚಿತ್ರವನ್ನು ಕುರಿತು ಸಂಪಾದಕರಲ್ಲಿ ಒಂದು ವಿಜ್ಞಾಪನೆ. ಅದರ ಮೂಲೆಯಲ್ಲಿ ಬೆಳ್ಳಗೆ ಹೆಬ್ಬೆಟ್ಟಿನ ಗುರುತೊಂದಿದೆ. ದಸರಾ ಮುಗಿದ ಮೇಲೆ ತಂದೆಯವರು ಜೊತೆಯ ಕೆಲಸದವರಿಗೆ ತೋರಿಸಬೇಕೆಂದು ಚಿತ್ರವನ್ನು ಬೆಂಗಳೂರಿಗೆ ತೆಗೆದುಕೊಂಡು ಹೋಗಿದ್ದರು. ಸಿಮೆಂಟಿನ ಕೈಯಲ್ಲಿ ಹತ್ತು ಜನ ಹಿಡಿದು ನೋಡಿದ್ದಾರೆ. ಬೇರೆ ಪ್ರತಿಯನ್ನು ತರಿಸಲು ಸಮಯವಿರಲಿಲ್ಲ. ಅದು ಹಾಗೆಯೇ ಅಚ್ಚಾದರೂ ನನ್ನ ಅಡ್ಡಿಯಿಲ್ಲ.